ಅಷ್ಟು ತಣ್ಣೀರಲ್ಲಿ ಏನಿದೆ ಕಣೇ?

ಭಾನುವಾರ ಸಂಜೆ ನಾನು ಕ್ಯಾಲಿಫೋರ್ನಿಯಾದ ಕಡಲ ದಡದ ಊರು ಮಾಂಟೆರೆಯಿಂದ ಮನೆಗೆ ಕಾರು ಓಡಿಸುತ್ತಿರುವಾಗಲೇ ಅಮ್ಮನ ಫೋನು ಬರುತ್ತದೆ. ಅರಸೀಕೆರೆಯಲ್ಲಿ ಆಗ ಸೋಮವಾರ ಬೆಳಗಿನ ಜಾವ. ಹಾಲು ಒಲೆ ಮೇಲಿಟ್ಟು, ಅದು ಉಕ್ಕುವುದರೊಳಗೆ ಮಗಳನ್ನು ವಿಚಾರಿಸಿ ಮುಗಿಸಬೇಕು ಅನ್ನುವ ಲೆಕ್ಕ ಅವಳದು. ನನ್ನ ಮೂಗು ಕಟ್ಟಿದ ದನಿ ಕೇಳಿದ ಕೂಡಲೇ ಎಲ್ಲಾ ಗೊತ್ತಾಗಿಬಿಡುತ್ತದೆ.

"ಮತ್ತೆ ಮುಳುಗೋಕೆ ಹೋಗಿದ್ಯಾ?"

"ಹೂಂ ಅಮ್ಮ."

"ಅಷ್ಟು ತಣ್ಣೀರಲ್ಲಿ ಏನಿದೆ ಕಣೇ?"

"ಕೆಲ್ಪ್ ಅಂತ ಇದೆ. ಒಂಥರಾ ಪಾಚಿ. ಮರದಷ್ಟು ಎತ್ತರ ಬೆಳೆಯುತ್ತೆ."

"ಪಾಚಿ ನೋಡೋಕೆ ಸಮುದ್ರಕ್ಕೇ ಹೋಗ್ಬೇಕಾ? ತೋಟದ ಬಾವಿ ತುಂಬಾ ಅದೇ ಇದೆ."

ಅಷ್ಟರಲ್ಲಿ ಹಾಲು ಉಕ್ಕುತ್ತದೆ. ನನ್ನ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಹಾಲು ಉಕ್ಕುವ ಗಡಿಬಿಡಿ ಇಲ್ಲದೆ.

ಆ ತೋಟದ ಬಾವಿಯಲ್ಲೇ ನಾನು ಈಜು ಕಲಿತಿದ್ದು. ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ ಸೋದರಮಾವ ಮೆಟ್ಟಿಲ ಮೇಲಿಂದ ತಳ್ಳಿದ್ದರು. ಮುಳುಗು ಅಂದರೂ ಬುರುಡೆ ಮುಳುಗಲು ಬಿಡುತ್ತಿರಲಿಲ್ಲ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಬುರುಡೆ ಬಿಚ್ಚಿದರು, ಮುಂದಿನ ವರ್ಷ ಇನ್ನೊಂದು. ಸ್ಕೂಬಾ ಸಿಲಿಂಡರ್ ಬೆನ್ನಿಗೆ ಬಿದ್ದಿದ್ದು ಅದಾದ ಎಷ್ಟೋ ವರ್ಷದ ಮೇಲೆ, ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋದಾಗ. ಅಲ್ಲಿನ ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ತೆಳು ಸೂಟು, ಬಣ್ಣಬಣ್ಣದ ಮೀನು, ಮೇಲೆ ಬಂದರೆ ಬಿಸಿಲು. ಸಮುದ್ರ ಅಂದರೆ ಹೀಗೇ ಅಂದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದೆ.

ಮಾಂಟೆರೆಯಲ್ಲಿ ನೀರು ವರ್ಷವಿಡೀ 10ರಿಂದ 14 ಡಿಗ್ರಿ ಆಸುಪಾಸು. ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ಆ 12 ಡಿಗ್ರಿಯನ್ನು ಬೆಂಗಳೂರಿನ ಡಿಸೆಂಬರ್ ಮುಂಜಾನೆಯ ಜೊತೆ ಹೋಲಿಸಲು ಹೋಗಬೇಡಿ. 7 ಮಿಲಿಮೀಟರ್ ದಪ್ಪದ ರಬ್ಬರಿನಂಥ ವೆಟ್‌ಸೂಟು, ಅದರ ಮೇಲೆ ಎದೆ ಮುಚ್ಚಲು ಇನ್ನೊಂದು ಪದರ, ತಲೆಗೆ ಟೋಪಿ, ಕೈಗೆ ಗವಸು, ಕಾಲಿಗೆ ಬೂಟು. ಇಷ್ಟು ಹಾಕಿಕೊಂಡರೆ ಮನುಷ್ಯ ಬೆಂಡಿನ ಹಾಗೆ ತೇಲುತ್ತಾನೆ, ಮುಳುಗುವುದೇ ಇಲ್ಲ. ಅದಕ್ಕೆ ಸೊಂಟಕ್ಕೆ 12 ಕಿಲೋ ಸೀಸ. ಮೊದಲ ದಿನ ಸ್ಯಾನ್ ಕಾರ್ಲೋಸ್ ಬೀಚಿನ ಮರಳಲ್ಲಿ ಇದೆಲ್ಲ ಹೊತ್ತು ನಡೆಯುವಾಗ, ಮಾವ ಕಟ್ಟಿದ ಬುರುಡೆಯ ಲೆಕ್ಕವೆಲ್ಲ ಉಲ್ಟಾ ಆಯಿತಲ್ಲ ಅಂತ ನಗು ಬಂತು. ನೀರು ಮುಖಕ್ಕೆ ತಗುಲಿದ್ದೇ ನಗು ನಿಂತಿತು. ಹಣೆ ಮೇಲೆ ಯಾರೋ ಮೊಳೆ ಹೊಡೆದ ಹಾಗಾಯಿತು, ಐಸ್‌ಕ್ರೀಮ್ ಗಬಕ್ಕನೆ ನುಂಗಿದಾಗ ಆಗುತ್ತಲ್ಲ, ಹಾಗೆ. ಸೂಟಿನ ಬೆನ್ನಿಗೆ ಒಂದು ಸೀಳು ತಣ್ಣೀರು ಇಳಿಯಿತು. ಎರಡು ನಿಮಿಷ ಉಸಿರು ಹಿಡಿತಕ್ಕೇ ಸಿಗಲಿಲ್ಲ. ಆಮೇಲೆ ಸಿಕ್ಕಿತು. ಕೆಳಗೆ ಇಳಿದೆ.

ನೀರು ಹಸಿರು. ನೀಲಿ ಅಲ್ಲ, ಸೊಪ್ಪು ಬೇಯಿಸಿದ ನೀರಿನ ಹಸಿರು. ಐದಾರು ಮೀಟರ್ ಆಚೆ ಏನೂ ಕಾಣುತ್ತಿರಲಿಲ್ಲ. ಆ ಮಬ್ಬಿನೊಳಗಿಂದ ಒಂದೊಂದೇ ಕಂಬ ಮೂಡತೊಡಗಿತು. ಅಡಿಕೆ ತೋಟದೊಳಗೆ ಮಂಜು ಕವಿದ ಬೆಳಗ್ಗೆ ನಡೆದವರಿಗೆ ಇದು ಅರ್ಥವಾಗುತ್ತದೆ. ಮೊದಲು ಹತ್ತಿರದ ಮರ, ಆಮೇಲೆ ಅದರ ಹಿಂದಿನದು, ಆಮೇಲೆ ಬರೀ ಮರದ ನೆನಪು. ತಲೆ ಎತ್ತಿ ನೋಡಿದರೆ ಮೇಲೆ ಎಲೆಗಳ ಚಪ್ಪರ, ಅದರ ಸಂದಿಯಲ್ಲಿ ಬಿಸಿಲ ಕೋಲುಗಳು. ಇಡೀ ಕಾಡು ಅಲೆಗೆ ಒಮ್ಮೆ ದಡದ ಕಡೆ, ಒಮ್ಮೆ ಕಡಲ ಕಡೆ ವಾಲುತ್ತಿತ್ತು. ನಾನೂ ವಾಲಿದೆ, ಮೀನುಗಳೂ ವಾಲಿದವು.

ಕೆಲ್ಪ್ ನಿಜಕ್ಕೂ ಮರವೂ ಅಲ್ಲ, ಗಿಡವೂ ಅಲ್ಲ. ಕಂದು ಪಾಚಿಯ ಜಾತಿ. ಅಮ್ಮ ಹೇಳಿದ್ದು ತಪ್ಪೇನಲ್ಲ. ಇದಕ್ಕೆ ಬೇರಿಲ್ಲ. ಬುಡದಲ್ಲಿ ಬೆರಳುಗಳ ಗಂಟಿನಂಥದ್ದು ಒಂದಿದೆ, ಅದರಿಂದ ಬಂಡೆಯನ್ನು ಅಪ್ಪಿ ಹಿಡಿದಿರುತ್ತದೆ ಅಷ್ಟೇ. ಊಟವನ್ನು ಮೈಯಿಂದಲೇ ನೀರಿನಿಂದ ಹೀರಿಕೊಳ್ಳುತ್ತದೆ. ಕಾಂಡದಲ್ಲಿ ಕಟ್ಟಿಗೆಯೂ ಇಲ್ಲ, ಹಾಗಿದ್ದರೂ 30 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ. ಹೇಗೆ ಗೊತ್ತಾ? ಪ್ರತಿ ಎಲೆಯ ತೊಟ್ಟಿಗೂ ಒಂದು ಪುಟ್ಟ ಗಾಳಿ ಬುರುಡೆ. ಹತ್ತಿರ ಹೋಗಿ ನೋಡಿದಾಗ ನನಗೆ ತೋಟದ ಬಾವಿಯೇ ನೆನಪಾಯಿತು. ಮೆಟ್ಟಿಲ ಮೇಲಿಂದ ತಳ್ಳಿಸಿಕೊಂಡ ನೂರಾರು ಮಕ್ಕಳು, ಎಲ್ಲರ ಬೆನ್ನಿಗೂ ಸೋರೆಬುರುಡೆ! ಒಳ್ಳೆಯ ಕಾಲದಲ್ಲಿ ಇದು ದಿನಕ್ಕೆ 30 ಸೆಂಟಿಮೀಟರ್ ಬೆಳೆಯುತ್ತದೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಶನಿವಾರ ನೋಡಿದ ತುದಿ ಮುಂದಿನ ಶನಿವಾರಕ್ಕೆ ನನ್ನ ಎತ್ತರವನ್ನೂ ದಾಟಿರುತ್ತದೆ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಅವಳ ಪ್ರಕಾರ ಚಳಿ ಒಂದು ಕಷ್ಟ, ಅದನ್ನು ಸಹಿಸಿಕೊಂಡರೆ ಒಳಗೆ ಏನೋ ನೋಡಲು ಸಿಗುತ್ತದೆ. ನಾನೂ ಮೊದಲ ಒಂದು ವರ್ಷ ಹಾಗೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಒಳಗೆ ಇರುವುದೆಲ್ಲ ಇರುವುದೇ ಚಳಿಯಿಂದ.

ವಸಂತದಲ್ಲಿ ಇಲ್ಲಿ ವಾಯವ್ಯದ ಗಾಳಿ ಕರಾವಳಿಗುಂಟ ಜೋರಾಗಿ ಬೀಸುತ್ತದೆ. ಭೂಮಿ ತಿರುಗುವ ಕಾರಣಕ್ಕೆ ಮೇಲಿನ ನೀರು ಗಾಳಿಯ ದಿಕ್ಕಿಗೇ ಹೋಗದೆ ಬಲಕ್ಕೆ ವಾಲಿ, ದಡ ಬಿಟ್ಟು ಕಡಲ ಒಳಕ್ಕೆ ಸರಿಯುತ್ತದೆ. ಖಾಲಿಯಾದ ಜಾಗ ತುಂಬಲು ಆಳದಿಂದ ನೀರು ಮೇಲೆ ಬರುತ್ತದೆ. ಆ ನೀರು ಬಿಸಿಲು ಕಾಣದ್ದು, ಕೊರೆಯುವಷ್ಟು ತಣ್ಣಗಿನದು, ಮೇಲಿನಿಂದ ಸತ್ತು ಬಿದ್ದದ್ದೆಲ್ಲ ಕೊಳೆತು ಸೇರಿದ ಸಾರ ಅದರಲ್ಲಿರುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ನಮ್ಮ ಕಡೆ ಗೋಡು ತೆಗೆದು ತೋಟಕ್ಕೆ ಹೊಡೆಯುತ್ತಾರಲ್ಲ, ಅದೇ ಕೆಲಸ. ಗಾಡಿ ಹೊಡೆಯುವುದು ಮಾತ್ರ ಗಾಳಿ. ನೀರು ಹಸಿರು ಸೊಪ್ಪಿನಂತೆ ಕಾಣುವುದು ಅದರಲ್ಲಿ ಕಣ್ಣಿಗೆ ಕಾಣದ ಜೀವ ತುಂಬಿರುವುದಕ್ಕೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಆಳದ ನೀರು ಹೀಗೆ ಮೇಲೆ ಬರುತ್ತದೆ, ಮಂಗಳೂರಿನ ಬೂತಾಯಿ ಮೀನು ಹೊಟ್ಟೆ ತುಂಬಿಸಿಕೊಳ್ಳುವುದು ಅದರಿಂದಲೇ. ಮಾಂಟೆರೆಯ ಕ್ಯಾನರಿ ರೋ ಬೀದಿಯನ್ನು ಕಟ್ಟಿದ್ದೂ ಬೂತಾಯಿಯ ಬಳಗದ ಮೀನೇ. ಡಬ್ಬಿಗೆ ತುಂಬಿ ತುಂಬಿ ಕೊನೆಗೆ ಮೀನೂ ಮುಗಿಯಿತು, ಕಾರ್ಖಾನೆಗಳೂ ಮುಚ್ಚಿದವು. ಅಂಥ ಒಂದು ಹಳೆ ಕಾರ್ಖಾನೆಯ ಜಾಗದಲ್ಲೇ 1984ರಲ್ಲಿ ಅಕ್ವೇರಿಯಂ ಶುರುವಾಯಿತು. ಚಳಿ ಬೇಡ ಅನ್ನುವವರು ಅಲ್ಲಿ ಮೂರು ಆಳೆತ್ತರಕ್ಕೂ ಮೀರಿದ ಗಾಜಿನ ತೊಟ್ಟಿಯಲ್ಲಿ ಬೆಳೆದ ಕೆಲ್ಪನ್ನು ಕೋಟು ಹಾಕಿಕೊಂಡೇ ನೋಡಬಹುದು.

ಕಾಡೊಳಗೆ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಅದನ್ನು ಅಮ್ಮನಿಗೆ ಹೇಳಿಲ್ಲ. (ಅತ್ತಿಗೆ ಇದನ್ನು ಓದುತ್ತೀರಿ ಅಂತ ಗೊತ್ತು, ದಯವಿಟ್ಟು ಓದಿ ಹೇಳಬೇಡಿ.) ಬೆನ್ನ ಹಿಂದೆ ಸಿಲಿಂಡರಿನ ವಾಲ್ವಿಗೆ ಒಂದು ಬಳ್ಳಿ ತಗುಲಿತು. ಏನದು ಅಂತ ತಿರುಗಿದೆ. ತಿರುಗಿದ್ದೇ ತಪ್ಪು, ಇನ್ನೊಂದು ಸುತ್ತಿತು. ಎಳೆದೆ. ಹಗ್ಗ ಎಳೆದ ಹಾಗೆ, ಬಿಡಲೇ ಇಲ್ಲ. ಎದೆ ಡವಗುಟ್ಟಿ ಗಾಳಿ ಜಾಸ್ತಿ ಎಳೆಯತೊಡಗಿದೆ, ಗುಳ್ಳೆಗಳ ಸದ್ದು ನನಗೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಜೊತೆಗೆ ಮುಳುಗುವ ನನ್ನ ಜೋಡಿ ಬಂದರು. ಅರವತ್ತು ದಾಟಿದ, ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ಇಲ್ಲಿನವರು ಜೋಡಿಗೆ ಬಡ್ಡಿ ಅನ್ನುತ್ತಾರೆ. "ನನ್ನ ಬಡ್ಡಿ ಜೊತೆಗೇ ಇರ್ತಾರೆ, ಹೆದರಬೇಡ" ಅಂತ ಅಮ್ಮನಿಗೆ ಹೇಳಿದಾಗ "ಸಾಲ ಯಾಕೆ ಮಾಡಿದೆ?" ಅಂತ ಕೇಳಿದ್ದಳು. ಅವರು ಅವಸರ ಮಾಡದೆ ಕೈ ಸನ್ನೆಯಲ್ಲಿ ನಿಲ್ಲು ಅಂದರು. ನಿಂತೆ. ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು ಮಡಿಸಿದರು. ಪಟ್. ಇನ್ನೊಂದು. ಪಟ್. ಎಳೆದರೆ ಹಗ್ಗ, ಮಡಿಸಿದರೆ ಹುರುಳಿಕಾಯಿ. ಚಾಕು ಕಾಲಿಗೆ ಕಟ್ಟಿಕೊಂಡು ಮೆರೆಯುತ್ತಿದ್ದ ನನಗೆ ಅದನ್ನು ಒರೆಯಿಂದ ತೆಗೆಯುವುದೇ ನೆನಪಾಗಿರಲಿಲ್ಲ.

ಮುಳುಗಿದ ಹಡಗು ನೋಡುವ ಹುಚ್ಚು ಹತ್ತಿದ್ದು ಆಮೇಲೆ. ಅದಕ್ಕೆ ನಾವಿಬ್ಬರೂ ಸ್ಯಾನ್ ಡಿಯಾಗೋ ತನಕ ಹೋದೆವು. ಮಿಷನ್ ಬೇ ಆಚೆ ಸಮುದ್ರದಲ್ಲಿ ಹಡಗುಗಳನ್ನು ಬೇಕಂತಲೇ ಮುಳುಗಿಸಿದ ಒಂದು ಜಾಗ ಇದೆ, ರೆಕ್ ಆ್ಯಲಿ ಅಂತ. ಅಲ್ಲಿನ ದೊಡ್ಡದು ಯೂಕಾನ್. ಕೆನಡಾ ನೌಕಾಪಡೆಯ ಯುದ್ಧನೌಕೆ, 1963ರಲ್ಲಿ ಸೇವೆಗೆ ಬಂದದ್ದು, ಉದ್ದ ಸುಮಾರು 111 ಮೀಟರ್. ಇದರ ಕಥೆ ನನಗೆ ಬಹಳ ಇಷ್ಟ. ಮೀನಿಗೆ ಮನೆ ಆಗಲಿ, ಡೈವರುಗಳಿಗೆ ನೋಡಲು ಸಿಗಲಿ ಅಂತ ಅದನ್ನು ಕೊಂಡು, ಉಜ್ಜಿ ತೊಳೆದು, ಒಳಗೆ ಬೆಳಕು ಬರಲು ಕಿಂಡಿ ಕೊರೆದು ತಂದು ನಿಲ್ಲಿಸಿದ್ದರು. 2000ದ ಜುಲೈ 15ಕ್ಕೆ ಮುಹೂರ್ತ. ಸ್ಫೋಟಕ ಸಿಡಿಸಿ, ತಳದಲ್ಲಿ ನೆಟ್ಟಗೆ ಕೂರುವಂತೆ ಇಳಿಸುವುದು ಅಂತ ಲೆಕ್ಕ. ಹಿಂದಿನ ದಿನವೇ ಕಡಲು ಒರಟಾಯಿತು, ಕೊರೆದ ಕಡೆಯಿಂದ ನೀರು ನುಗ್ಗಿತು, ಹಡಗು ಯಾರನ್ನೂ ಕಾಯದೆ ತನ್ನ ಪಾಡಿಗೆ ತಾನು ಮುಳುಗಿತು. ಅದೂ ಎಡಕ್ಕೆ ಮಗ್ಗುಲಾಗಿ. ಮದುವೆಗೆ ಜನ ಬರುವ ಮೊದಲೇ ಮದುಮಗ ಮಲಗಿದ ಹಾಗೆ!

ಇಂದಿಗೂ ಹಾಗೇ ಮಲಗಿದೆ, 30 ಮೀಟರ್ ಆಳದಲ್ಲಿ. ಲಂಗರಿನ ಹಗ್ಗ ಹಿಡಿದು ಇಳಿಯುವಾಗ ಒಂದು ಕಡೆ ನೀರು ಇದ್ದಕ್ಕಿದ್ದಂತೆ ತಣ್ಣಗಾಯಿತು, ಬಾಗಿಲು ತೆಗೆದು ಇನ್ನೊಂದು ಕೋಣೆಗೆ ಕಾಲಿಟ್ಟಂತೆ. ಆಳ ಹೋದಷ್ಟೂ ನೀರಿನ ಭಾರಕ್ಕೆ ಸೂಟು ಅದುಮಿಕೊಂಡು ತೆಳುವಾಗುತ್ತದೆ, ಎಲ್ಲಿ ಚಳಿ ಜಾಸ್ತಿಯೋ ಅಲ್ಲೇ ಹೊದಿಕೆ ಕಮ್ಮಿ. ಆಮೇಲೆ ಕೆಳಗೆ ಒಂದು ಗೋಡೆ ಕಂಡಿತು. ಗೋಡೆ ಅಲ್ಲ, ಹಡಗಿನ ಬಲಮಗ್ಗುಲು, ಅದೇ ಈಗ ಸೂರು. ಡೆಕ್ಕು ನೆಟ್ಟಗೆ ಗೋಡೆಯಾಗಿ ನಿಂತಿದೆ. ಬಾಗಿಲುಗಳು ಅಡ್ಡಡ್ಡ ಮಲಗಿವೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಗುಳ್ಳೆ ಯಾವ ಕಡೆ ಹೋಗುತ್ತದೋ ಅದೇ ಮೇಲೆ ಅಂತ ಪದೇ ಪದೇ ನೋಡಿಕೊಳ್ಳಬೇಕಾಯಿತು. ಒಳಗೆ ಹೋಗಿ ದಾರಿ ತಪ್ಪಿ ಸತ್ತವರಿದ್ದಾರೆ. ನಾವು ಹೊರಗೇ ಉಳಿದೆವು, ನನಗೆ ಅದರ ಬಗ್ಗೆ ಒಂದು ಚೂರೂ ಬೇಜಾರಿಲ್ಲ.

ಹಡಗಿಗೆ ಬಳಿದ ಬಣ್ಣ ಎಲ್ಲೂ ಕಾಣಲಿಲ್ಲ. ಆ ಆಳದಲ್ಲಿ ಕೆಂಪು ಬಣ್ಣ ತಲುಪುವುದೇ ಇಲ್ಲ, ಎಲ್ಲವೂ ಬೂದಿ ಹಸಿರು. ಟಾರ್ಚ್ ಹಾಕಿದೆ. ಕುಂಕುಮದ ಬಟ್ಟಲು ಮಗುಚಿ ಬಿದ್ದ ಹಾಗೆ ಕಬ್ಬಿಣದ ತುಂಬಾ ಗುಲಾಬಿ, ಕೆಂಪು. ಸ್ಟ್ರಾಬೆರಿ ಅನಿಮೋನ್ ಅನ್ನುತ್ತಾರೆ, ಉಗುರಿನಷ್ಟು ದೊಡ್ಡ ಹೂವಿನಂಥ ಪ್ರಾಣಿ, ಒಂದರ ಪಕ್ಕ ಒಂದು, ಬೆರಳಿಡಲು ಜಾಗ ಇಲ್ಲ. ಅವುಗಳ ನಡುವೆ ಅಲ್ಲಲ್ಲಿ ಬಿಳಿಯ ದೊಡ್ಡ ಅನಿಮೋನ್, ಹೂಕೋಸನ್ನು ಕೋಲಿಗೆ ಸಿಕ್ಕಿಸಿದ ಹಾಗೆ. ಇವೆಲ್ಲ ಕೂತಲ್ಲೇ ಕೂತು ಬಾಯಿ ತೆರೆದಿರುವ ಜೀವಗಳು, ನೀರು ಹೊತ್ತು ತಂದದ್ದನ್ನೇ ತಿನ್ನಬೇಕು. ಆ ತಣ್ಣನೆಯ ಸೊಪ್ಪಿನ ನೀರು ಇಲ್ಲಿಗೂ ಊಟ ತರುತ್ತದೆ. 20 ನಿಮಿಷಕ್ಕೇ ಮೇಲೆ ಹೊರಡುವ ಹೊತ್ತಾಯಿತು. ಏಳೆಂಟು ಗಂಟೆ ಕಾರು ಓಡಿಸಿದ್ದು ಆ 20 ನಿಮಿಷಕ್ಕೆ. ಅಮ್ಮನ ಹತ್ತಿರ ಈ ಲೆಕ್ಕವನ್ನೂ ಹೇಳಿಲ್ಲ.

ನಾನು ಎಂದೂ ನೋಡಲಾಗದ ಇನ್ನೊಂದು ಹಡಗಿದೆ. ದಿನಾ ಆಫೀಸಿಗೆ ಹೋಗುವಾಗ 101 ಹೆದ್ದಾರಿಯಲ್ಲಿ ಮೊಫೆಟ್ ಫೀಲ್ಡ್ ಹತ್ತಿರ ಒಂದು ದೈತ್ಯ ಕಟ್ಟಡ ಕಾಣುತ್ತದೆ, ಹ್ಯಾಂಗರ್ ಒನ್. ಒಳಗಿನ ನೆಲವೇ 8 ಎಕರೆ, ನಮ್ಮ ತೋಟಕ್ಕಿಂತ ದೊಡ್ಡದು. ಸನಿವೇಲ್ ಕಡೆಯ ಕನ್ನಡದವರು ಅದನ್ನು ನೋಡಿಯೇ ಇರುತ್ತೀರಿ, ಏನು ಅಂತ ಕೇಳಿರಲಿಕ್ಕಿಲ್ಲ. ನಾನೂ ಎಷ್ಟೋ ವರ್ಷ ಕೇಳಲಿಲ್ಲ. ಅದು ಮೇಕನ್ ಅನ್ನುವ ಗಾಳಿಹಡಗಿನ, ಅಂದರೆ ಹಗುರ ಅನಿಲ ತುಂಬಿ ಬಲೂನಿನ ಹಾಗೆ ಆಕಾಶದಲ್ಲಿ ತೇಲಿಸುವ ಹಡಗಿನ, ಕೊಟ್ಟಿಗೆ. ಅಮೆರಿಕದ ನೌಕಾಪಡೆಯದು, 239 ಮೀಟರ್ ಉದ್ದ, ಹೊಟ್ಟೆಯೊಳಗೆ ಪುಟ್ಟ ವಿಮಾನಗಳನ್ನು ಹೊತ್ತು ಹಾರುತ್ತಿತ್ತು. 1935ರ ಫೆಬ್ರವರಿ 12ರಂದು ಬಿಗ್ ಸರ್ ಹತ್ತಿರ ಪಾಯಿಂಟ್ ಸರ್ ಆಚೆ ಬಿರುಗಾಳಿಗೆ ಬಾಲದ ರೆಕ್ಕೆ ಮುರಿದು ಕಡಲಿಗೆ ಬಿತ್ತು. ಇದ್ದವರು 83 ಜನ, ಸತ್ತವರು ಇಬ್ಬರೇ. ಅದಕ್ಕೂ ಎರಡು ವರ್ಷ ಮೊದಲು ಅದರ ಜೋಡಿ ಆಕ್ರನ್ ಅಟ್ಲಾಂಟಿಕ್‌ಗೆ ಬಿದ್ದು 73 ಜನ ಸತ್ತಿದ್ದರು. ಆ ಪಾಠದಿಂದ ಮೇಕನ್‌ನಲ್ಲಿ ಲೈಫ್ ಜಾಕೆಟ್ಟು, ರಬ್ಬರ್ ದೋಣಿ ಇಟ್ಟಿದ್ದರು. ಫೆಬ್ರವರಿಯ ಆ ನೀರಲ್ಲಿ ಸುಮ್ಮನೆ ಈಜುತ್ತಾ ಎಷ್ಟು ಹೊತ್ತು ಇರಲಾಗುತ್ತಿತ್ತು ಅಂತ ನನ್ನನ್ನು ಕೇಳಿ.

ಬಿದ್ದ ಜಾಗ ಬಹಳ ವರ್ಷ ಯಾರಿಗೂ ಸಿಗಲಿಲ್ಲ. ಒಬ್ಬ ಮೀನುಗಾರನ ಬಲೆಗೆ ಸಿಕ್ಕಿದ ಲೋಹದ ತುಂಡು ಮಾಸ್ ಲ್ಯಾಂಡಿಂಗ್‌ನ ಒಂದು ಹೋಟೆಲಿನ ಗೋಡೆ ಮೇಲೆ ತೂಗುತ್ತಿತ್ತು, ಅದರ ಗುರುತು ಹಿಡಿದ ಮೇಲೆ ಹುಡುಕಾಟಕ್ಕೆ ದಾರಿ ಸಿಕ್ಕಿತು. 1990ರ ಹೊತ್ತಿಗೆ ಪತ್ತೆಯಾಯಿತು, ಸುಮಾರು 450 ಮೀಟರ್ ಆಳದಲ್ಲಿ. ಪುಟ್ಟ ವಿಮಾನಗಳು ಇನ್ನೂ ಅಲ್ಲೇ ಇವೆ. ನಾನು ಇಳಿಯುವುದು ಜಾಸ್ತಿ ಅಂದರೆ 30 ಮೀಟರ್. ಖಾಲಿ ಕೊಟ್ಟಿಗೆಯನ್ನು ಮಾತ್ರ ಸೋಮವಾರದಿಂದ ಶುಕ್ರವಾರದವರೆಗೆ, ಟ್ರಾಫಿಕ್ ಜಾಸ್ತಿ ಇದ್ದರೆ ಹತ್ತು ಹತ್ತು ನಿಮಿಷ, ನೋಡುತ್ತಾ ಕೂರುತ್ತೇನೆ.

ಚಳಿಯೇ ಕಾರಣ ಅಂದೆನಲ್ಲ, ಅದು ನನಗೆ ಮನದಟ್ಟಾದದ್ದು ಚಳಿ ಹೋದಾಗ. 2014ರಿಂದ 2016ರವರೆಗೆ ಈ ಕರಾವಳಿಯ ನೀರು ವಿಪರೀತ ಬಿಸಿಯಾಗಿತ್ತು. ಅದಕ್ಕೂ ಸ್ವಲ್ಪ ಮೊದಲು, 2013ರಲ್ಲಿ, ನಕ್ಷತ್ರಮೀನುಗಳಿಗೆ ಒಂದು ರೋಗ ಬಂದಿತ್ತು. ಕೈಗಳು ಕಳಚಿ, ಮೈ ಕರಗಿ ಲೋಳೆಯಾಗಿ ಸಾಯುತ್ತಿದ್ದವು. ಅದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ವಿಜ್ಞಾನಿಗಳು ಹೇಳಿದ್ದು 2025ರಲ್ಲಿ. ಸೂರ್ಯಕಾಂತಿ ನಕ್ಷತ್ರಮೀನು ಅಂತ ಒಂದಿದೆ, 24ರವರೆಗೂ ಕೈಗಳು, ಊಟದ ಎಲೆಗಿಂತ ಅಗಲ ಬೆಳೆಯುತ್ತದೆ. ಅದು ಸೀ ಅರ್ಚಿನ್ ತಿನ್ನುತ್ತಿತ್ತು. ಅರ್ಚಿನ್ ಅಂದರೆ ನೇರಳೆ ಬಣ್ಣದ ಮುಳ್ಳಿನ ಉಂಡೆ, ಅದರ ಊಟ ಕೆಲ್ಪ್. ತಿನ್ನುವವರು ಹೋದರು, ಅರ್ಚಿನ್ ಹೆಚ್ಚಿತು. ಅದೇ ಹೊತ್ತಿಗೆ ಬಿಸಿ ನೀರಲ್ಲಿ ಸಾರ ಇಲ್ಲದೆ ಕೆಲ್ಪ್ ಸೊರಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಕೆಲವೇ ವರ್ಷದಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಕಾಡು ಹೋಯಿತು. ಕೆನಡಾದ ಕೆಲವು ಇಕ್ಕಟ್ಟು ಕೊಲ್ಲಿಗಳಲ್ಲಿ ಈ ದೊಡ್ಡ ನಕ್ಷತ್ರಮೀನು ಇನ್ನೂ ಉಳಿದುಕೊಂಡಿದೆಯಂತೆ. ಯಾಕೆ ಅಂದರೆ, ಅಲ್ಲಿ ನೀರು ಇನ್ನೂ ತಣ್ಣಗಿದೆ.

ಮಾಂಟೆರೆಯಲ್ಲಿ ಅಷ್ಟು ಕೆಟ್ಟದ್ದಾಗಲಿಲ್ಲ, ಇಲ್ಲಿ ನೀರುನಾಯಿಗಳಿವೆ. ತುಂಗಭದ್ರೆಯಲ್ಲಿ ಇರುತ್ತವಲ್ಲ, ಅವುಗಳ ಕಡಲ ನೆಂಟರು. ಮೈಮೇಲೆ ಒಂದು ಚದರ ಇಂಚಿಗೆ 10 ಲಕ್ಷದವರೆಗೆ ಕೂದಲು. ಆ ತುಪ್ಪಳದ ಆಸೆಗೆ ಕೊಂದು ಕೊಂದು, ಇಲ್ಲಿ ಮುಗಿದೇ ಹೋದವು ಅಂದುಕೊಂಡಿದ್ದಾಗ 1938ರಲ್ಲಿ ಬಿಗ್ ಸರ್ ಹತ್ತಿರ ಸುಮಾರು 50 ಉಳಿದಿರುವುದು ಜಗತ್ತಿಗೆ ಗೊತ್ತಾಯಿತು. ಈಗ 3000 ಆಸುಪಾಸು. ಚಳಿಗೆ ಕೊಬ್ಬಿನ ಪದರ ಇಲ್ಲದ್ದರಿಂದ ದಿನಕ್ಕೆ ಮೈತೂಕದ ಕಾಲು ಭಾಗದಷ್ಟು ತಿನ್ನಲೇಬೇಕು. ಆದರೆ ಅವಕ್ಕೂ ಲೆಕ್ಕ ಗೊತ್ತು. ಬೋಳಾದ ಬಂಡೆ ಮೇಲಿನ ಅರ್ಚಿನ್ ಹಸಿದು ಒಳಗೆ ಟೊಳ್ಳಾಗಿರುತ್ತದೆ, ಅದನ್ನು ಮುಟ್ಟುವುದಿಲ್ಲ. ಕಾಡೊಳಗಿನ ಕೊಬ್ಬಿದ್ದನ್ನೇ ಆರಿಸುತ್ತವೆ. ಹೀಗಾಗಿ ಉಳಿದ ಕಾಡು ಉಳಿಯಿತು, ಬೋಳಾದದ್ದು ಬೋಳಾಗಿಯೇ ಇದೆ. ಟೊಳ್ಳು ಅರ್ಚಿನ್ ಊಟ ಇಲ್ಲದೆಯೂ ವರ್ಷಗಟ್ಟಲೆ ಬದುಕುತ್ತದೆ.

ಅದಕ್ಕೇ 2021ರಲ್ಲಿ ಮಾಂಟೆರೆಯ ಟ್ಯಾಂಕರ್ಸ್ ರೀಫ್ ಅನ್ನುವ ಕಡೆ ಡೈವರುಗಳೇ ಸುತ್ತಿಗೆಯಿಂದ ಒಡೆಯಬಹುದು ಅಂತ ಅನುಮತಿ ಕೊಟ್ಟರು. ನಾನೂ ಹೋದೆ. ಮೀನು ಹಿಡಿಯುವ ಲೈಸೆನ್ಸ್ ಬೇಕಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಹುಟ್ಟಿದ ನನ್ನ ಹೆಸರಲ್ಲಿ ಅದೊಂದು ಲೈಸೆನ್ಸ್! ಮೊದಲನೆಯದಕ್ಕೆ ಸುತ್ತಿಗೆ ಎತ್ತಿ ಸುಮಾರು ಹೊತ್ತು ಹಾಗೇ ಇದ್ದೆ. ಹೊಡೆದೆ. ನೀರಲ್ಲಿ ಸುತ್ತಿಗೆ ನಿಧಾನಕ್ಕೆ ಹೋಗುತ್ತದೆ, ತೆಂಗಿನ ಚಿಪ್ಪು ಒಡೆದ ಹಾಗೆ ಕಿವಿಗೆ ಒಂದು ಟಕ್. ಒಳಗೆ ಏನೂ ಇರಲಿಲ್ಲ, ಸ್ವಲ್ಪ ಕಂದು ನೀರು. 50ರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಇದರಿಂದ ಕಾಡು ಬರುತ್ತದಾ ಅನ್ನುವುದರ ಮೇಲೆ ಡೈವರುಗಳಲ್ಲೇ ಜಗಳ ಇದೆ. ನಾನು ಮತ್ತೆ ಎರಡು ಸಲ ಹೋದೆ. ಆ ವಾರಗಳಲ್ಲಿ ಊಟಕ್ಕೆ ಕೂತಾಗ ಕೈ ಸ್ವಲ್ಪ ಹೊತ್ತು ತಟ್ಟೆ ಮೇಲೆ ನಿಲ್ಲುತ್ತಿತ್ತು, ಅಷ್ಟು ಹೇಳಬಲ್ಲೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಒಂದು ಶನಿವಾರ ಕರೆದುಕೊಂಡು ಹೋದೆ. ಮಂಜು ಮುಸುಕಿತ್ತು. ಸೀರೆ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ನನ್ನ ಜಾಕೆಟ್ಟು, ತಲೆಗೆ ಮಫ್ಲರ್ ಸುತ್ತಿ ಬೀಚಿನ ಕಟ್ಟೆ ಮೇಲೆ ಕೂತಳು. ನಾನು ಸೂಟಿನೊಳಗೆ ತೂರಿಕೊಳ್ಳಲು ಒದ್ದಾಡುವುದನ್ನು ನೋಡಿ "ದಿಂಬಿಗೆ ಕವರ್ ಹಾಕೋ ಥರ ಇದೆ" ಅಂದಳು. ಇಲ್ಲಿ ಸುಮಾರು ಜನ ನೀರಿಗೆ ಇಳಿಯುವ ಮೊದಲು ಸೂಟಿನೊಳಕ್ಕೆ ಬೆಚ್ಚಗಿನ ನೀರು ಹಾಕಿಕೊಳ್ಳುತ್ತಾರೆ, ಮೊದಲ ತಣ್ಣೀರಿನ ಏಟು ತಪ್ಪಲಿ ಅಂತ. ಅದಕ್ಕೆ ದೊಡ್ಡ ಜಗ್ಗಿನಲ್ಲಿ ಮನೆಯಿಂದಲೇ ಬಿಸಿನೀರು ತಂದಿರುತ್ತೇನೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಜಗ್ಗನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಕತ್ತಿನ ಹತ್ತಿರ ಸೂಟು ಎಳೆದು ಹಿಡಿ ಅಂದಳು. ತಂಬಿಗೆಯಲ್ಲಿ ಹೊಯ್ಯುವ ಹಾಗೆ, ಒಂದು ಕೈ ಅಡ್ಡ ಇಟ್ಟು, ಬಿಸಿ ಎಷ್ಟಿದೆ ಅಂತ ನೋಡಿ ನೋಡಿ ಹೊಯ್ದಳು. "ಎಣ್ಣೆ ತಂದಿದ್ರೆ ಹಚ್ಚಬಹುದಿತ್ತು" ಅಂದಳು.

ನಾವು 40 ನಿಮಿಷ ಕೆಳಗಿದ್ದೆವು. ಮೇಲೆ ಬಂದಾಗ ಅಮ್ಮ ಕಟ್ಟೆ ಮೇಲಿರಲಿಲ್ಲ, ಇಳಿದು ನೀರಿನ ಅಂಚಿಗೇ ಬಂದಿದ್ದಳು. ಬೆರಳು ಕೆಂಪಾಗಿತ್ತು, ಕೈ ಅದ್ದಿ ನೋಡಿದ್ದಾಳೆ. "ಅಲ್ಲಿ ಒಂದು ನೀರುನಾಯಿ ಕಣೇ, ಅಂಗಾತ ಮಲಗಿ ಹೊಟ್ಟೆ ಮೇಲೆ ಏನೋ ಇಟ್ಕೊಂಡು ಕುಟ್ಟುತ್ತೆ. ಮೈಗೆ ನಿನ್ನ ಪಾಚಿ ಸುತ್ಕೊಂಡಿದೆ." ಬಡ್ಡಿಗೆ ಕನ್ನಡ ಬರುವುದಿಲ್ಲ, ಆದರೂ ಅವರು ಅಮ್ಮ ತೋರಿಸಿದ ಕಡೆ ತಿರುಗಿ ತಲೆ ಆಡಿಸಿದರು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅಮ್ಮ ಜಗ್ಗು ಅಲ್ಲಾಡಿಸಿ ನೋಡಿದಳು.

"ಇನ್ನೂ ಅರ್ಧ ನೀರಿದೆ. ಇನ್ನೊಂದ್ಸಲ ಹೋಗ್ತೀಯಾ?"